‘ಕುಂಭಕರ್ಣ’ ಅಂದವಳು ನಾನೇ

ಡಿ.ಎಲ್‌.ಇಡಿ ಎರಡನೇ ವರ್ಷದಲ್ಲಿ ಇಂಟರ್ನ್‌ಶಿಪ್‌ಗೆಂದು ನನ್ನನ್ನು ಹಾಕಿದ್ದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ. ನಾಲ್ಕನೇ ತರಗತಿ, ಇಪ್ಪತ್ಮೂರು ಮಕ್ಕಳು. ಕೈಯಲ್ಲಿ ಪಾಠಯೋಜನೆ, ಬಣ್ಣದ ಚಾರ್ಟು, ಮನಸ್ಸಿನ ತುಂಬ ಉತ್ಸಾಹ. ಮೊದಲ ವಾರ ನಾನು ಮಾಡಿದ ಪಾಠದ ವಿಷಯ ‘ಎಲ್ಲರೊಂದಿಗೆ ಪ್ರೀತಿಯಿಂದ ಇರೋಣ’. ‘ಸ್ನೇಹಿತರನ್ನು ಅಣಕಿಸಬಹುದಾ?’ ಎಂದು ಕೇಳಿದರೆ ‘ಇಲ್ಲಾ ಮಿಸ್‌’ ಎಂದು ಇಡೀ ತರಗತಿ ರಾಗ ಎಳೆಯಿತು. ಪಾಠ ನೋಡಲು ಬಂದಿದ್ದ ನಮ್ಮ ಉಪನ್ಯಾಸಕರು ‘ಗುಡ್‌’ ಎಂದು ಬರೆದುಕೊಟ್ಟರು.

ಮಾರನೇ ದಿನ ಪ್ರಾರ್ಥನೆ ಮುಗಿದು, ಹಾಜರಿ ಕೂಗಿ, ಗಣಿತ ಶುರುವಾದ ಮೇಲೆ ಒಬ್ಬ ಹುಡುಗ ಬಾಗಿಲಲ್ಲಿ ಬಂದು ನಿಂತ. ತಡವಾಗಿ ಬರುತ್ತಿದ್ದುದು ಅದು ಮೂರನೇ ಸಲ. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿ ಅದಲುಬದಲಾಗಿತ್ತು. ‘ಬಂದ್ರಾ ಕುಂಭಕರ್ಣ ಮಹಾರಾಜರು? ನಿದ್ದೆ ಮುಗೀತಾ?’ ಅಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಹಾಗಾಗಿ ನನಗೆ ಏನೂ ಅನ್ನಿಸಲಿಲ್ಲ.

ಆ ಹೆಸರು ಮಧ್ಯಾಹ್ನ ಬಿಸಿಯೂಟದ ಸಾಲಿಗೆ ಹೋಯಿತು. ‘ಕುಂಭಕರ್ಣಂಗೆ ಇನ್ನೊಂದು ಸೌಟು ಹಾಕಿ’ ಎಂದು ಯಾರೋ ಕೂಗಿದರು. ಸಂಜೆ ಕಬಡ್ಡಿ ಆಟಕ್ಕೂ ಹೋಯಿತು. ಶುಕ್ರವಾರದ ಹೊತ್ತಿಗೆ ಒಂದನೇ ತರಗತಿಯ ಪುಟಾಣಿಗಳೂ ಅವನನ್ನು ಹಾಗೇ ಕರೆಯುತ್ತಿದ್ದವು. ಸೋಮವಾರ ಅವನು ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ.

ಬುಧವಾರ ಸಂಜೆ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ನನ್ನನ್ನು ಅವನ ಮನೆಗೆ ಕರೆದುಕೊಂಡು ಹೋದರು. ಅಪ್ಪ ಊರಲ್ಲಿಲ್ಲ. ಅಮ್ಮ ಬೆಳಗಿನ ಜಾವವೇ ಕಾಫಿ ತೋಟದ ಕೆಲಸಕ್ಕೆ ಜೀಪು ಹತ್ತಬೇಕು. ತಂಗಿಯ ಮುಖ ತೊಳೆದು, ರಾತ್ರಿ ಉಳಿದ ಅನ್ನ ತಿನ್ನಿಸಿ, ಅಂಗನವಾಡಿ ಬಾಗಿಲು ತೆಗೆಯುವವರೆಗೆ ಕಾದು, ಅವಳನ್ನು ಬಿಟ್ಟು ಶಾಲೆಗೆ ಓಡಿ ಬರುತ್ತಿದ್ದವನು ಈ ಒಂಬತ್ತು ವರ್ಷದ ಹುಡುಗ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವನು ಬಹುಶಃ ಅವನೇ. ‘ಎರಡು ದಿನದಿಂದ ಹೊಟ್ಟೆನೋವು ಅಂತಾನೆ ಮೇಡಂ, ಜ್ವರಾನೂ ಇಲ್ಲ ಏನೂ ಇಲ್ಲ’ ಎಂದರು ಅವನ ಅಮ್ಮ. ನಾನು ತಲೆ ತಗ್ಗಿಸಿದೆ.

ವಾಪಸ್‌ ಬರುವಾಗ ಆ ಶಿಕ್ಷಕಿ ನನ್ನನ್ನು ಬೈಯಲಿಲ್ಲ. ‘ನೀನು ಹೇಳಿಕೊಟ್ಟಿದ್ದನ್ನ ಮಕ್ಕಳು ಕಲೀತಾರೋ ಬಿಡ್ತಾರೋ ಗೊತ್ತಿಲ್ಲಮ್ಮ. ನೀನು ಮಾಡಿದ್ದನ್ನ ಮಾತ್ರ ಅವತ್ತೇ ಕಲೀತಾರೆ’ ಎಂದರು.

ಶಿಕ್ಷಣ ಹಕ್ಕು ಕಾಯ್ದೆ–2009ರ 17ನೇ ಸೆಕ್ಷನ್‌ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಟಿಇಟಿಗೆ ಓದುವ ನಮಗೆಲ್ಲ ಇದು ಬಾಯಿಪಾಠ. ಕೋಲು ಹಿಡಿಯದಿದ್ದರೆ ಸಾಕು ಅಂದುಕೊಂಡಿದ್ದೆ. ನಾಲ್ಕು ಜನರನ್ನು ನಗಿಸಲು ಆಡಿದ ಮಾತೂ ಕೋಲಿನಂತೆ ಬೀಳುತ್ತದೆ ಎಂಬುದು ಹೊಳೆದಿರಲಿಲ್ಲ.

ಗುರುವಾರ ಅವನು ಬಂದ. ಎಲ್ಲರೆದುರೇ, ‘ಕಾರಣ ಕೇಳದೆ ನಿನಗೆ ಹೆಸರಿಟ್ಟೆ. ತಪ್ಪು ನಂದು, ಕ್ಷಮಿಸು’ ಅಂದೆ. ಅವನ ಮನೆಯ ವಿಷಯ ಯಾರಿಗೂ ಹೇಳಲಿಲ್ಲ, ಅದು ಅವನದು. ಅವನು ನೆಲ ನೋಡುತ್ತ ನಿಂತಿದ್ದ. ಮುಂದೆ ಕೂತಿದ್ದ ಹುಡುಗಿ ಅಚ್ಚರಿಯಿಂದ ಕೇಳಿದಳು: ‘ದೊಡ್ಡೋರೂ ಸಾರಿ ಕೇಳ್ತಾರಾ ಮಿಸ್‌?’

ಅಂದಿನಿಂದ ದಯೆಯ ಬಗ್ಗೆ ಪಾಠ ಮಾಡುವುದನ್ನು ಬಿಟ್ಟೆ. ಬದಲಿಗೆ ಸಂಜೆ ಗಂಟೆ ಹೊಡೆಯುವ ಮುನ್ನ ಐದು ನಿಮಿಷ ಎತ್ತಿಟ್ಟೆ. ಆ ದಿನ ಬೇರೆಯವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಬೇಕು. ತನ್ನದನ್ನು ಹೇಳುವಂತಿಲ್ಲ. ಮೊದಲ ವಾರವೆಲ್ಲ ‘ರಬ್ಬರ್‌ ಕೊಟ್ಟ’, ‘ಪೆನ್ಸಿಲ್‌ ಕೊಟ್ಟಳು’ ಅಷ್ಟೇ. ಆಮೇಲೆ ಮಕ್ಕಳ ಕಣ್ಣು ಚುರುಕಾಯಿತು. ‘ಹೊಸದಾಗಿ ಸೇರಿದವಳು ಒಬ್ಬಳೇ ಊಟಕ್ಕೆ ಕೂತಿದ್ದಳು, ಇವಳು ತಟ್ಟೆ ತಗೊಂಡು ಹೋಗಿ ಪಕ್ಕ ಕೂತಳು ಮಿಸ್‌’ ಎಂದು ಒಬ್ಬ ಹೇಳಿದ. ಅಂಥದ್ದು ನನಗೇ ಕಂಡಿರಲಿಲ್ಲ.

ಕ್ಷೀರಭಾಗ್ಯ ಯೋಜನೆ ಬಂದಿದ್ದು 2013ರಲ್ಲಿ. ಶಾಲೆಯಲ್ಲಿ ಹಾಲು ಹಂಚುವುದು ಎಲ್ಲರಿಗೂ ರೂಢಿಯ ಕೆಲಸ. ಒಂದನೇ ತರಗತಿಯವರಿಗೆ ಲೋಟ ಕೊಡುವ ಜವಾಬ್ದಾರಿಯನ್ನು ಆ ಹುಡುಗನಿಗೆ ವಹಿಸಿದೆ. ಅವನು ಸುಮ್ಮನೆ ಲೋಟ ಕೊಡುತ್ತಿರಲಿಲ್ಲ. ಎರಡು ಲೋಟ ಹಿಡಿದು, ಎತ್ತಿ ಹೊಯ್ದು, ಆರಿಸಿ ಕೊಡುತ್ತಿದ್ದ. ಮನೆಯಲ್ಲಿ ತಂಗಿಗೆ ಮಾಡಿ ಅಭ್ಯಾಸವಾಗಿತ್ತಲ್ಲ. ಒಂದು ಸಂಜೆ ಅವನನ್ನು ಹೆಚ್ಚು ರೇಗಿಸುತ್ತಿದ್ದ ಹುಡುಗನೇ ಎದ್ದುನಿಂತು ಅದನ್ನು ಹೇಳಿದ, ಅವನ ನಿಜವಾದ ಹೆಸರು ಹಿಡಿದು. ‘ಕುಂಭಕರ್ಣ’ ಎಂಬುದು ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

ಎಲ್ಲ ಸರಿಹೋಯಿತು ಎಂದಲ್ಲ. ಜಗಳ ನಿಲ್ಲಲಿಲ್ಲ. ಐದು ನಿಮಿಷದಲ್ಲಿ ಹೆಸರು ಬರಲೆಂದು ಒಬ್ಬಳು ಬೇಕಂತಲೇ ರಬ್ಬರ್‌ ಹಂಚಿದ್ದೂ ಉಂಟು. ಆದರೂ ನಮ್ಮ ಎಚ್‌.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ–ಕಲಿ’ಯ ತಿರುಳು ನನಗೆ ಅರ್ಥವಾದದ್ದು ಅಲ್ಲಿಯೇ: ಹೆದರಿದ ಮಗು ಕಲಿಯುವುದಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ‘ಹ್ಯಾಪಿನೆಸ್‌’ ತರಗತಿಯನ್ನೇ ಆರಂಭಿಸಿದರು. ಅಷ್ಟು ದೊಡ್ಡದು ನಮ್ಮ ಕೈಲಿಲ್ಲದಿರಬಹುದು. ಐದು ನಿಮಿಷ ಇದೆಯಲ್ಲ?

ನೇಮಕಾತಿಗೆ ಕಾಯುತ್ತ ಮನೆಪಾಠ ಹೇಳುವವರು, ಪಿಜಿಯಿಂದ ಊರಿಗೆ ಹೋದಾಗ ಅಕ್ಕನ ಮಕ್ಕಳ ಜೊತೆ ಆಡುವವರು ನಮ್ಮಲ್ಲಿ ಎಷ್ಟು ಜನ! ‘ದಡ್ಡ’, ‘ಡುಮ್ಮಿ’, ‘ಕರಿಯ’ ಎಂದು ತಮಾಷೆಗೆ ಕರೆಯುವವರೂ ನಾವೇ. ಹೆಸರಿಡುವ ಮುಂಚೆ ‘ಯಾಕೆ ಪುಟ್ಟ?’ ಎಂದು ಒಮ್ಮೆ ಕೇಳಿ, ಅದೂ ಬೇರೆಯವರಿಲ್ಲದಾಗ. ಉತ್ತರ ನಮ್ಮ ಕೈಮೀರಿದ್ದಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಇಂಟರ್ನ್‌ಶಿಪ್‌ನ ಕೊನೆಯ ದಿನವೂ ಅವನು ತಡವಾಗಿಯೇ ಬಂದ. ಯಾರೂ ನಗಲಿಲ್ಲ. ಪಕ್ಕದ ಹುಡುಗ ಸರಿದು ಜಾಗ ಬಿಟ್ಟ. ಪುಸ್ತಕ ತೆರೆದು, ಪಾಠ ಎಲ್ಲಿಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಿದ.