ಮಹಾನಗರಕ್ಕೆ ಹೋದವನನ್ನು ವಿಚಾರಿಸುವವರಾರು? (ಪವಿತ್ರ ಕುಟುಂಬದ ಹಬ್ಬಕ್ಕೊಂದು ಚಿಂತನೆ)



ಕ್ರಿಸ್ತಜಯಂತಿಯ ನಂತರದ ಭಾನುವಾರ ತಾಯಿ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಗೋದಲಿಯ ಮುಂದೆ ನಿಂತಾಗ ಈ ಕುಟುಂಬ ಊರು ಬಿಟ್ಟು ಓಡಿದ ಕುಟುಂಬ ಎಂಬುದು ನಮಗೆ ಮರೆತೇಹೋಗಿರುತ್ತದೆ. ಸಂತ ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಸಂತ ಜೋಸೆಫರು ದೂತನ ಮಾತಿನಂತೆ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಡುತ್ತಾರೆ. ಅಲ್ಲಿ ಅವರಿಗೆ ಯಾರು ಕೆಲಸ ಕೊಟ್ಟರು, ಮೊದಲ ರಾತ್ರಿ ಯಾರ ಜಗಲಿಯಲ್ಲಿ ಮಲಗಿದರು ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. 1952ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ‘ಎಕ್ಸುಲ್ ಫಮಿಲಿಯಾ’ ಎಂಬ ದಾಖಲೆಯಲ್ಲಿ ಈ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳ ಮಾದರಿಯೆಂದು ತೋರಿಸಿಕೊಟ್ಟರು.

ನಾನೂ ವಲಸೆ ಹೋದವನೇ. 1978ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಕರಾವಳಿಯ ಹಳ್ಳಿಯೊಂದರಿಂದ ಮುಂಬಯಿಗೆ ಹೋದೆ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆಗ ನಮಗೆ ಬಸ್ಸೇ ಗತಿ. ಕ್ಯಾಂಟೀನೊಂದರಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ ಸಿಕ್ಕಿತು.

ನಗರ ನನಗೆ ಕೊಟ್ಟದ್ದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಕೃತಘ್ನತೆಯಾದೀತು. ಊರಿನಲ್ಲಿ ನನ್ನ ಅಪ್ಪ ಹೆಗಲ ಬೈರಾಸನ್ನು ಕೆಳಗಿಳಿಸಿ ಧಣಿಗಳ ಅಂಗಳದಲ್ಲಿ ನಿಲ್ಲುತ್ತಿದ್ದರು. ಮುಂಬಯಿಯಲ್ಲಿ ನಾನು ಯಾರ ಒಕ್ಕಲು, ಯಾರ ಮಗ ಎಂದು ಯಾರೂ ಕೇಳಲಿಲ್ಲ. ಲೋಕಲ್ ರೈಲಿನಲ್ಲಿ ಎಲ್ಲರಿಗೂ ಒಂದೇ ನೂಕುನುಗ್ಗಲು. ತಿಂಗಳು ತುಂಬಿದರೆ ಸಂಬಳ ಕೈಗೆ ಬರುತ್ತಿತ್ತು. ನಮ್ಮವರ ಹೋಟೆಲುಗಳ ಹುಡುಗರಿಗಾಗಿಯೇ ನಡೆಯುತ್ತಿದ್ದ ಕನ್ನಡ ರಾತ್ರಿ ಶಾಲೆಯೊಂದಿತ್ತು. ಏಳನೇ ತರಗತಿಗೆ ನಿಂತ ನನ್ನ ಓದು ಅಲ್ಲಿ ಮತ್ತೆ ಶುರುವಾಯಿತು. ತೂಕಡಿಸುತ್ತಾ ಕಲಿತದ್ದು, ಆದರೂ ಕಲಿತೆ.

ಆದರೆ ಯಾರೂ ಕೇಳದಿರುವುದಕ್ಕೆ ಇನ್ನೊಂದು ಮುಖವಿದೆ. ಹನ್ನೊಂದು ತಿಂಗಳು ನಾನು ಭಾನುವಾರದ ಬಲಿಪೂಜೆಗೆ ಹೋಗಲಿಲ್ಲ. ಊರಿನಲ್ಲಾದರೆ ಎರಡನೇ ವಾರವೇ ಗುರುಗಳು ಮನೆಗೆ ಬರುತ್ತಿದ್ದರು. ಇಲ್ಲಿ ದೇವರನ್ನು ಬಿಟ್ಟರೆ ಅದು ಬೇರಾರಿಗೂ ತಿಳಿಯಲಿಲ್ಲ. ಜ್ವರ ಬಂದು ಮೂರು ದಿನ ಮೂಟೆಗಳ ನಡುವೆ ಮಲಗಿದ್ದಾಗಲೂ ಅಷ್ಟೇ. ಮನಿಯಾರ್ಡರಿನ ತುದಿಯಲ್ಲಿ ಮಾತ್ರ ‘ನಾನು ಸೌಖ್ಯ’ ಎಂದು ಬರೆದೆ. ಅಮ್ಮ ‘ಇಲ್ಲಿ ಎಲ್ಲರೂ ಸೌಖ್ಯ’ ಎಂದು ಬರೆಸುತ್ತಿದ್ದರು. ಅವರಿಗೆ ಉಬ್ಬಸ ಹೆಚ್ಚಾಗಿ ಏಳಲಾಗದಂತಾಗಿದ್ದುದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಎರಡೂ ಕಡೆಯಿಂದ ಪ್ರೀತಿಗಾಗಿಯೇ ಸುಳ್ಳು ಬರೆದೆವು. ವಲಸೆ ಹೋದವರ ಮನೆಗಳಲ್ಲಿ ಇದು ಹೊಸತೇನಲ್ಲ.

ಇದಕ್ಕೆ ಮದ್ದು ಕಂಡುಕೊಂಡವರು ನಮಗಿಂತ ಮೊದಲೇ ಮುಂಬಯಿಗೆ ಬಂದ ಗೋವೆಯ ಕಥೋಲಿಕರು. 1961ರವರೆಗೆ ಗೋವೆ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಅವರು ನಿಜಕ್ಕೂ ಪರದೇಶದಿಂದ ಬಂದವರು: ಅಡುಗೆಯವರು, ಬ್ಯಾಂಡಿನವರು, ಹಡಗಿನ ಕೆಲಸದವರು. ಅವರು ಊರಿಗೊಂದು ‘ಕುಡ್’ ಮಾಡಿಕೊಂಡರು. ಕೊಂಕಣಿಯಲ್ಲಿ ಹಾಗೆಂದರೆ ಕೋಣೆ. ಧೋಬಿ ತಲಾವ್‌ನ ಜೇರ್ ಮಹಲ್ ಕಟ್ಟಡ ಇಂಥ ಕುಡ್‌ಗಳಿಗೆ ಹೆಸರುವಾಸಿ. ಹಡಗಿಗಾಗಿ ಕಾಯುವವನಿಗೆ ಅಲ್ಪ ಬಾಡಿಗೆಗೆ ಒಂದು ಪೆಟ್ಟಿಗೆ ಇಡುವಷ್ಟು, ಚಾಪೆ ಹಾಸುವಷ್ಟು ಜಾಗ. ಗೋಡೆಯ ಬಳಿ ಊರ ಪಾಲಕ ಸಂತರ ಪೀಠ. ಸಂಜೆ ಎಲ್ಲರೂ ಸೇರಿ ಜಪಸರ. ಊರ ಹಬ್ಬದ ದಿನ ಇಲ್ಲಿಯೂ ಹಬ್ಬ.

ಒಮ್ಮೆ ವೃದ್ಧ ನಾವಿಕರೊಬ್ಬರು ನನ್ನನ್ನು ಜಪಸರಕ್ಕೆ ಕರೆದುಕೊಂಡು ಹೋದರು. ಒಬ್ಬನ ಚಾಪೆ ಖಾಲಿಯಿತ್ತು. ಅವನು ಎಲ್ಲಿ ಎಂದು ನಾಲ್ಕು ಜನ ವಿಚಾರಿಸಿದರು. ಹಾಗೆಂದು ಕುಡ್ ಸ್ವರ್ಗವೇನಲ್ಲ. ಒಬ್ಬ ಕುಡಿದು ಬಂದರೆ ಸುದ್ದಿ ಅವನಿಗಿಂತ ಮೊದಲು ಊರು ತಲಪುತ್ತಿತ್ತು; ಬೇರೆ ಊರಿನವನಿಗೆ ಅಲ್ಲಿ ಚಾಪೆಯಿಲ್ಲ; ಹೆಂಗಸರಿಗಂತೂ ಪ್ರವೇಶವೇ ಇರಲಿಲ್ಲ. ಆ ಕಟ್ಟುಪಾಡಿನಲ್ಲಿ ನಾನು ಬಹಳ ದಿನ ಇರುತ್ತಿದ್ದೆನೋ ಇಲ್ಲವೋ. ಆದರೂ ಖಾಲಿ ಚಾಪೆಯನ್ನು ಗಮನಿಸುವ ಆ ಅಭ್ಯಾಸಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಇಂದು ನಮ್ಮ ಊರುಗಳೇ ಇನ್ನೊಬ್ಬರ ಪಾಲಿನ ಮುಂಬಯಿ. ಜಾರ್ಖಂಡ್, ಒಡಿಶಾಗಳಿಂದ ಬಂದ ಯುವಕ ಯುವತಿಯರು ಬೆಂಗಳೂರಿನ ದೇವಾಲಯಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಆಶೀರ್ವಾದ ಮುಗಿಯುತ್ತಲೇ ಹೊರಟುಬಿಡುತ್ತಾರೆ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಇಂಥವರು ಊರಿನತ್ತ ನಡೆದೇ ಹೊರಟರು. ಯಾರು ಹೋದರು, ಯಾರು ಉಳಿದರು ಎಂಬ ಲೆಕ್ಕ ಎಷ್ಟು ಧರ್ಮಕೇಂದ್ರಗಳಲ್ಲಿತ್ತು? ಜಗದ್ಗುರು ಫ್ರಾನ್ಸಿಸರು 2018ರ ವಲಸಿಗರ ದಿನದ ಸಂದೇಶದಲ್ಲಿ ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಸುವುದು, ಒಂದಾಗಿಸುವುದು ಎಂಬ ನಾಲ್ಕು ಕೆಲಸಗಳನ್ನು ಹೇಳಿದರು. ಮೊದಲನೆಯದಕ್ಕೆ ಸಮಿತಿಯೇನೂ ಬೇಕಿಲ್ಲ. ಹಬ್ಬದ ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಹೆಸರು, ಊರು ಕೇಳಿದರಾಯಿತು. ಮನೆಯಲ್ಲಿ ಕುಸ್ವಾರಿನ ತಟ್ಟೆ ಇದ್ದೇ ಇರುತ್ತದೆ.

ಮಕ್ಕಳನ್ನು ನಗರಕ್ಕೆ ಕಳುಹಿಸುವ ತಂದೆತಾಯಿಗಳಿಗೂ ಒಂದು ಮಾತು. ಹೊರಡುವ ಮುನ್ನ ನಿಮ್ಮ ಗುರುಗಳಿಂದ ಅಲ್ಲಿನ ಧರ್ಮಕೇಂದ್ರಕ್ಕೆ ಒಂದು ಪತ್ರ ಬರೆಸಿ. ಆಮೇಲೆ ‘ಸೌಖ್ಯವೇ’ ಎಂದಷ್ಟೇ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ. ನನ್ನ ಮಗ ದುಬಾಯಿಯಲ್ಲಿದ್ದಾನೆ. ಕಳೆದ ವಾರ ಫೋನಿನಲ್ಲಿ ‘ಆರಾಮಾಗಿದ್ದೇನೆ ಪಪ್ಪಾ’ ಎಂದ. ರಾತ್ರಿ ಯಾರ ಜೊತೆ ಊಟ ಮಾಡಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋಣೆಯ ಗೆಳೆಯ ಕೆಲಸ ಬಿಟ್ಟು ಊರಿಗೆ ಹೋಗಿ ತಿಂಗಳಾಯಿತು ಎಂದ. ಆ ರಾತ್ರಿ ನಾವು ಒಂದು ಗಂಟೆ ಮಾತಾಡಿದೆವು.