ತರುಣರ ಮನಸ್ಸೂ ಸಂಶೋಧಕರ ಪ್ರಶ್ನೆಯೂ

ಕೆಲವು ವರ್ಷಗಳ ಹಿಂದಿನ ಮಾತು. ಮನಶ್ಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿದ್ದ ಒಬ್ಬರು ನಮ್ಮ ಕಾಲೇಜಿಗೆ ಬಂದು, ವಿದ್ಯಾರ್ಥಿಗಳ ಮಾನಸಿಕ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಿರುಗಿಸಿಕೊಡಬೇಕೆಂದು ನನ್ನನ್ನು ಕೇಳಿದರು. ಭಾಷಾಂತರವೆಂದರೆ ನನಗೆ ಮೊದಲಿನಿಂದಲೂ ಹುಮ್ಮಸ್ಸು, ಸಂತೋಷದಿಂದ ಒಪ್ಪಿಕೊಂಡೆ. ಎರಡು ರಾತ್ರಿ ನಿಘಂಟಿನೊಡನೆ ಕುಳಿತು, ವಿಷಣ್ಣತೆ, ನಿರುತ್ಸಾಹ, ಆತ್ಮನ್ಯೂನತೆ ಮೊದಲಾದ ಪದಗಳನ್ನು ಹೊಂದಿಸಿ, ಪಂಡಿತರು ಮೆಚ್ಚುವಂಥ ಕನ್ನಡದಲ್ಲಿ ಅದನ್ನು ಸಿದ್ಧಪಡಿಸಿದೆ. ತರಗತಿಗಳಲ್ಲಿ ಹಂಚಿದ್ದಾಯಿತು, ವಿದ್ಯಾರ್ಥಿಗಳು ಗುರುತು ಹಾಕಿ ಹಿಂದಿರುಗಿಸಿದ್ದೂ ಆಯಿತು. ಬಹುಮಟ್ಟಿಗೆ ಎಲ್ಲ ಪ್ರಶ್ನೆಗಳಿಗೂ 'ಇಲ್ಲ' ಎಂಬುದೇ ಉತ್ತರ. ನಮ್ಮ ಕಾಲೇಜು ಸುಖಿಗಳ ಬೀಡೆಂದು ಅಧ್ಯಾಪಕರ ಕೊಠಡಿಯಲ್ಲಿ ನಾವು ವಿನೋದವಾಡಿಕೊಂಡೆವು.

ವಾರ ಕಳೆದಿರಬಹುದು. ದ್ವಿತೀಯ ಬಿ.ಎ. ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು, ಬಹಳ ಸಂಕೋಚದಿಂದ ಕೇಳಿದ: "ಸಾರ್, ಆ ಕಾಗದದಲ್ಲಿ ವಿಷಣ್ಣತೆ ಅಂತ ಇತ್ತಲ್ಲ, ಅದು ವಿಷ ಕುಡಿಯೋ ವಿಚಾರವಾ?" ಅಲ್ಲವೆಂದೆ. "ನಾನು ಹಾಗೇ ತಿಳಿದು, ಹೆದರಿ, ಇಲ್ಲ ಅಂತ ಬರೆದೆ" ಎಂದ. ಕೂರಿಸಿಕೊಂಡು ವಿಚಾರಿಸಿದಾಗ, ಮೂರು ವಾರಗಳಿಂದ ಅವನಿಗೆ ಸರಿಯಾದ ನಿದ್ದೆಯಿಲ್ಲವೆಂದು ತಿಳಿಯಿತು. "ಯಾವುದೂ ಬೇಡ ಅನ್ನಿಸುತ್ತೆ ಸಾರ್. ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ." ನನ್ನ ಪ್ರಶ್ನಾವಳಿ ಕೇಳಬೇಕಾಗಿದ್ದುದು ಇದನ್ನೇ, ಆದರೆ ಅದು ಕೇಳಿದ ರೀತಿಯೇ ಉತ್ತರಕ್ಕೆ ಅಡ್ಡವಾಗಿತ್ತು. ಅಂದೇ ಅವನನ್ನು ಆಪ್ತಸಮಾಲೋಚಕರೊಬ್ಬರ ಬಳಿಗೆ ಕರೆದೊಯ್ದೆ. ಆತ ಚೇತರಿಸಿಕೊಂಡ. ಆದರೆ ಅವನಂತೆ ಬಾಗಿಲ ಬಳಿ ಬಂದು ನಿಲ್ಲದೆ ಹೋದವರು ಎಷ್ಟು ಮಂದಿಯೋ!

ತರುಣರ ಮನಸ್ಸಿನ ವಿಚಾರದಲ್ಲಿ ಇಂಥ ತಪ್ಪು ಸಣ್ಣದಲ್ಲ. ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ಒಂದು ವ್ಯಾಪಕ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು ೧೪ನೆಯ ವಯಸ್ಸಿನೊಳಗೆ, ಮುಕ್ಕಾಲು ಪಾಲು ೨೪ರೊಳಗೆ ತಲೆದೋರುತ್ತವೆ. ನಮ್ಮ ದೇಶದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ ೧೩,೦೦೦ಕ್ಕೂ ಮಿಕ್ಕಿದ್ದೆಂದು ಸರಕಾರದ ಅಪರಾಧ ದಾಖಲೆಗಳ ವರದಿ ಹೇಳುತ್ತದೆ. ರೋಗ ತಗಲುವುದು ಹದಿನಾರರ ಹರೆಯಕ್ಕೆ. ಅದನ್ನು ಕುರಿತ ಪ್ರಶ್ನೆಗಳನ್ನು ಬರೆಯುವವರು ನಾವು, ನಲವತ್ತು ಐವತ್ತು ದಾಟಿದವರು.

ಆದ್ದರಿಂದಲೇ, ತರುಣರನ್ನು ಸಂಶೋಧನೆಯ ವಸ್ತುವಾಗಿ ಮಾತ್ರ ಕಾಣದೆ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕೆಂಬ ವಿಚಾರ ಇತ್ತೀಚಿನ ದಶಕಗಳಲ್ಲಿ ಬಲಗೊಂಡಿದೆ. ಸಹಭಾಗಿಯೆಂದರೆ ಪ್ರಶ್ನಾವಳಿಗೆ ಉತ್ತರ ಬರೆಯುವವನಲ್ಲ. ಯಾವುದನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ದೊರೆತ ಉತ್ತರಕ್ಕೆ ಅರ್ಥವೇನು ಎಂಬುದನ್ನು ಗೊತ್ತುಮಾಡುವ ಮೇಜಿನ ಸುತ್ತ ಕುಳಿತವನು. ವಿಶ್ವಸಂಸ್ಥೆ ೧೯೮೯ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿತು. ಭಾರತ ಅದಕ್ಕೆ ೧೯೯೨ರಲ್ಲಿ ಸಮ್ಮತಿಯಿತ್ತಿತು. ಅದೇ ವರ್ಷ ರಾಜರ್ ಹಾರ್ಟ್ ಎಂಬ ವಿದ್ವಾಂಸರು ಯುನಿಸೆಫ್‌ಗಾಗಿ ಬರೆದ ಪುಸ್ತಕದಲ್ಲಿ ಮಕ್ಕಳ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಕಲ್ಪಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳು ಮನನೀಯವಾಗಿವೆ: ಮಕ್ಕಳನ್ನು ಕೈಗೊಂಬೆ ಮಾಡಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಮಾತ್ರಕ್ಕೆ ಕೂರಿಸುವುದು. ಇವು ಸಹಭಾಗಿತ್ವವೇ ಅಲ್ಲವೆಂದು ಅವರ ಮತ. ಸಭೆಯ ಮೊದಲಲ್ಲಿ ಪ್ರಾರ್ಥನೆ ಹಾಡಿಸಿ, ಹಾರ ಹಿಡಿಸಿ, ಮಾತು ಆರಂಭವಾದೊಡನೆ ಮಕ್ಕಳನ್ನು ಹೊರಗೆ ಕಳಿಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲವಷ್ಟೆ.

ಮಾತಿನಲ್ಲಿ ಮಾತ್ರವಲ್ಲ, ಕೃತಿಯಲ್ಲಿಯೂ ಇದು ನಡೆದಿದೆ. ೨೦೨೦ರಲ್ಲಿ ಲಂಡನ್ನಿನ ವೆಲ್‌ಕಮ್ ಸಂಸ್ಥೆ, ೧೪ರಿಂದ ೨೪ ವಯಸ್ಸಿನವರ ಆತಂಕ-ಖಿನ್ನತೆಗಳಿಗೆ ಯಾವುದು ನಿಜವಾಗಿ ನೆರವಾಗುತ್ತದೆಂಬುದನ್ನು ಪರಿಶೀಲಿಸಲು ೩೦ ತಂಡಗಳನ್ನು ನಿಯೋಜಿಸಿದಾಗ, ಆ ಕಷ್ಟವನ್ನು ಸ್ವತಃ ಕಂಡ ತರುಣರನ್ನೂ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ಅಪೇಕ್ಷಿಸಿತು. ನಮ್ಮ ನೆರೆಯ ಗೋವೆಯಲ್ಲಿ ೧೯೯೬ರಲ್ಲಿ ಸ್ಥಾಪಿತವಾದ 'ಸಂಗಾತ್' ಸಂಸ್ಥೆ, ಶಾಲಾ ವಿದ್ಯಾರ್ಥಿಗಳಿಗಾಗಿ 'ಪಾಡ್ ಅಡ್ವೆಂಚರ್ಸ್' ಎಂಬ ಮೊಬೈಲ್ ಆಟವೊಂದನ್ನು ರೂಪಿಸಿತು. ಸಮಸ್ಯೆಯನ್ನು ಗುರುತಿಸು, ದಾರಿಗಳನ್ನು ಯೋಚಿಸು, ಒಂದನ್ನು ಮಾಡಿ ನೋಡು ಎಂಬುದು ಅದರ ಪಾಠ. ಆಟದ ರಚನೆಯ ಹಂತದಲ್ಲಿಯೇ ಹದಿಹರೆಯದವರನ್ನು ಕೂರಿಸಿಕೊಂಡು ಅವರ ಅಭಿಪ್ರಾಯ ಪಡೆದರು.

ಕರ್ನಾಟಕಕ್ಕೂ ಈ ಬಗೆಯ ನಡೆ ಹೊಸತಲ್ಲ. ೧೯೯೦ರಲ್ಲಿ ಹುಟ್ಟಿದ 'ಭೀಮ ಸಂಘ' ದುಡಿಯುವ ಮಕ್ಕಳದೇ ಸಂಘಟನೆ. ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳು ತಮ್ಮ ಊರಿನ ಕುಂದುಕೊರತೆಗಳನ್ನು ತಾವೇ ಸಮೀಕ್ಷೆ ಮಾಡಿ ಹಿರಿಯರ ಮುಂದಿಟ್ಟರು. ಮಕ್ಕಳ ಗ್ರಾಮಸಭೆ ಇಂದು ನಾಡಿನಲ್ಲೆಲ್ಲ ಪರಿಚಿತವಾದ ಮಾತು. ಹಳ್ಳದ ಕಾಲುಸಂಕದ ವಿಚಾರದಲ್ಲಿ ಮಕ್ಕಳ ತಿಳಿವಳಿಕೆಯನ್ನು ನಂಬುವುದಾದರೆ, ಅವರ ಮನಸ್ಸಿನ ವಿಚಾರದಲ್ಲಿ ನಂಬಬಾರದೇಕೆ?

ಆಕ್ಷೇಪಣೆಗಳಿಲ್ಲವೆಂದಲ್ಲ. ಹುಡುಗರಿಗೆ ಶಾಸ್ತ್ರ ತಿಳಿಯದೆಂಬುದು ಮೊದಲನೆಯದು. ನಿಜ, ಆದರೆ ಮುಳ್ಳು ಎಲ್ಲಿ ಚುಚ್ಚಿದೆಯೆಂದು ಹೇಳಲು ಕಾಲಿನವನಿಗೆ ಶಾಸ್ತ್ರ ಬೇಕಿಲ್ಲ. ತೆಗೆಯುವ ಕೌಶಲ ವೈದ್ಯನದು. ಒಬ್ಬನು ಇನ್ನೊಬ್ಬನ ಕೆಲಸವನ್ನು ಕಸಿದುಕೊಳ್ಳಬೇಕಾಗಿಲ್ಲ. ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಮಾಗುತ್ತಿರುವ ಗಾಯವನ್ನು ಮತ್ತೆ ಮತ್ತೆ ಕೆದಕಿ ಹೇಳಿಸುವುದು ಹಿಂಸೆಯಾಗಬಹುದು. ಆದ್ದರಿಂದ, ಬೇಕಾದಾಗ ಹೇಳುವ, ಬೇಡವಾದಾಗ ಎದ್ದು ಹೋಗುವ ಸ್ವಾತಂತ್ರ್ಯವೂ, ಪಕ್ಕದಲ್ಲಿ ನುರಿತವರ ಆಸರೆಯೂ ಇರಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿ, ಸಂಶೋಧನೆಗೆ ಒಳಪಡುವ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯೊಡನೆ ಮಕ್ಕಳ ಸಮ್ಮತಿಯನ್ನೂ ಕೇಳಬೇಕೆಂದು ವಿಧಿಸಿದೆ. ಇನ್ನೂ ಎರಡು ಮಾತು. ತರುಣರ ಹೊತ್ತಿಗೂ ಬೆಲೆಯಿದೆ. ಸಂಭಾವನೆಯನ್ನೂ ಬರಹದಲ್ಲಿ ಹೆಸರನ್ನೂ ಕೊಡದೆ ಅವರನ್ನು ಸಹಭಾಗಿಗಳೆನ್ನುವುದು ನ್ಯಾಯವಲ್ಲ. ಹಾಗೆಯೇ, ಇಂಗ್ಲಿಷ್ ಸರಾಗವಾಗಿ ಆಡಬಲ್ಲ ನಗರದ ನಾಲ್ವರನ್ನು ಆರಿಸಿಕೊಂಡು ನಾಡಿನ ತಾರುಣ್ಯವೇ ಮಾತನಾಡಿತೆನ್ನುವುದು ಆತ್ಮವಂಚನೆ.

ಕಳೆದ ವರ್ಷ ಮತ್ತೊಂದು ಪ್ರಶ್ನಾವಳಿ ನನ್ನ ಬಳಿಗೆ ಬಂದಿತು. ಈ ಬಾರಿ ನಿಘಂಟನ್ನು ಬದಿಗಿಟ್ಟು, ಇಷ್ಟಪಟ್ಟು ಮುಂದೆ ಬಂದ ಆರು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡೆ. ನನ್ನ ಸಂಸ್ಕೃತ ಪದಗಳನ್ನು ಅವರು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದರು. ಅಷ್ಟಕ್ಕೇ ನಿಲ್ಲದೆ, ಮೂಲದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಕೊನೆಯಲ್ಲಿ ಸೇರಿಸಬೇಕೆಂದರು: ಇದನ್ನು ಯಾರಿಗಾದರೂ ಹೇಳಿದ್ದೀರಾ? ಹೇಳಿದಾಗ ಅವರು ಏನು ಮಾಡಿದರು?

ಈ ಎರಡನೆಯ ಭಾಗವೇಕೆಂದು ಕೇಳಿದೆ. ಒಬ್ಬಾಕೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಹೋದ ವರ್ಷ ನಿಮಗೇ ಹೇಳಿದ್ದೆ ಸಾರ್. ಬೆಳಗ್ಗೆ ಬೇಗ ಏಳು, ಎಲ್ಲ ಸರಿಹೋಗುತ್ತೆ ಅಂದಿರಿ."

ನನಗೆ ನೆನಪಿರಲಿಲ್ಲ. ಆಕೆಗೆ ನೆನಪಿತ್ತು. ಮೊದಲ ಹುಡುಗನ ವಿಷಯದಲ್ಲಿ ಕಲಿತೆನೆಂದು ತಿಳಿದಿದ್ದ ಪಾಠವನ್ನು ನಾನು ಪೂರ್ತಿಯಾಗಿ ಕಲಿತಿರಲಿಲ್ಲವೆಂದಾಯಿತು. ಅವಳ ಕ್ಷಮೆ ಕೇಳಿದೆ. ಈಗ ಹೇಗಿದ್ದಾಳೆಂದು ವಿಚಾರಿಸಿ, ಈ ಸಲ ಕೊನೆಯವರೆಗೂ ಕೇಳಿಸಿಕೊಂಡೆ. ಆ ಪ್ರಶ್ನೆಯನ್ನು ಸೇರಿಸಬೇಕೆಂಬ ಅವರ ಸಲಹೆಯನ್ನು ಸಂಶೋಧಕರಿಗೆ ಬರೆದು ತಿಳಿಸಿದೆ, ಅವರು ಒಪ್ಪಿದರು. ನನ್ನಂಥ ಅಧ್ಯಾಪಕರು ಎಷ್ಟೇ ಓದಿದ್ದರೂ ಆ ಪ್ರಶ್ನೆಯನ್ನು ಬರೆಯುತ್ತಿರಲಿಲ್ಲ; ಏಕೆಂದರೆ ಅದರ ಉತ್ತರದಲ್ಲಿ ನಾವೇ ಇದ್ದೇವೆ.