ಹಾಡಿನ ಲೆಕ್ಕ ಕಲಿಸುವ ಕಾಲೇಜು

1996ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ‘ಟೈಗರ್‌ಮಿಲ್ಕ್’ ಎಂಬ ಹಾಡುಗಳ ಆಲ್ಬಂ ಹೊರಬಂತು. ಗ್ರಾಮಫೋನ್ ತಟ್ಟೆಯ ರೂಪದಲ್ಲಿ ಅಚ್ಚಾದದ್ದು ಒಂದೇ ಸಾವಿರ ಪ್ರತಿ. ಹಾಡಿದ್ದು ಬೆಲ್ ಆ್ಯಂಡ್ ಸೆಬಾಸ್ಟಿಯನ್ ಎಂಬ ತಂಡ. ಅದು ಹುಟ್ಟಿ ಇನ್ನೂ ಅರ್ಧ ವರ್ಷವಾಗಿತ್ತಷ್ಟೆ. ಆಲ್ಬಂ ಹೊರತಂದವರು ಯಾವ ದೊಡ್ಡ ಕಂಪನಿಯವರೂ ಅಲ್ಲ, ಸ್ಟೋ ಕಾಲೇಜಿನಲ್ಲಿ ಮ್ಯೂಸಿಕ್ ಬಿಸಿನೆಸ್ ಓದುತ್ತಿದ್ದ ವಿದ್ಯಾರ್ಥಿಗಳು. ಅದು ಅವರ ಆ ವರ್ಷದ ಪಾಠ. ಕೆಲವೇ ದಿನಗಳಲ್ಲಿ ಧ್ವನಿಮುದ್ರಣ ಮುಗಿದ ಆ ಆಲ್ಬಮ್ಮಿನ ಮೊದಲ ಸಾವಿರ ಪ್ರತಿಗಳಿಗೆ ಮುಂದೆ ಸಂಗ್ರಾಹಕರು ನೂರಾರು ಪೌಂಡ್ ತೆತ್ತರು. 1999ರಲ್ಲಿ ತಂಡಕ್ಕೆ ಬ್ರಿಟ್ ಪ್ರಶಸ್ತಿ ಬಂತು, ಆಲ್ಬಂ ಅದೇ ವರ್ಷ ಮತ್ತೆ ಅಚ್ಚಾಯಿತು.

ಸ್ಟೋ ಕಾಲೇಜು ವಿಶ್ವವಿದ್ಯಾಲಯವಾಗಿರಲಿಲ್ಲ. ಬ್ರಿಟನ್ನಿನಲ್ಲಿ ಇಂಥವನ್ನು ಫರ್ದರ್ ಎಜುಕೇಶನ್ ಕಾಲೇಜು ಎನ್ನುತ್ತಾರೆ. ನಮ್ಮ ಪಾಲಿಟೆಕ್ನಿಕ್ ಮತ್ತು ಐಟಿಐ ಎರಡೂ ಒಂದೇ ಆವರಣದಲ್ಲಿದ್ದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಶಾಲೆ ಮುಗಿಸಿದ ಹದಿನಾರರ ಹುಡುಗರು ಬರುತ್ತಾರೆ, ಕೆಲಸ ಕಳೆದುಕೊಂಡ ನಲವತ್ತರ ಗಂಡಸರು ಬರುತ್ತಾರೆ, ಮಕ್ಕಳನ್ನು ಬೆಳೆಸಿ ಮತ್ತೆ ಓದಲು ಹೊರಟ ತಾಯಂದಿರೂ ಬರುತ್ತಾರೆ. ವೆಲ್ಡಿಂಗ್, ಕೊಳಾಯಿ ಕೆಲಸ, ಅಡುಗೆ, ಕ್ಷೌರ, ಶಿಶುಪಾಲನೆ ಮುಂತಾದ ಕಸುಬುಗಳನ್ನು ಕಲಿಸುವ ಇಂಥ ಕಾಲೇಜುಗಳಲ್ಲಿ ಸಂಗೀತದ ವ್ಯವಹಾರವೂ ಒಂದು ಕಸುಬು. ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಸಂಗೀತವೆಂದರೆ ದೈವದತ್ತ ಪ್ರತಿಭೆ, ಅದರ ಜೊತೆ ದುಡ್ಡಿನ ಮಾತು ಆಡಬಾರದು ಎಂಬ ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ.

ಸ್ಕಾಟ್ಲೆಂಡಿನಲ್ಲಿ ಸಂಗೀತದ ವ್ಯವಹಾರವನ್ನು ಎಚ್‌ಎನ್‌ಡಿ ಎಂಬ ಎರಡು ವರ್ಷದ ಡಿಪ್ಲೊಮಾ ಆಗಿ ಓದಬಹುದು. ಇದನ್ನು ಚೆನ್ನಾಗಿ ಮುಗಿಸಿದವರಿಗೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪದವಿಯ ಮೂರನೆಯ ವರ್ಷಕ್ಕೇ ನೇರ ಪ್ರವೇಶ ಸಿಗುತ್ತದೆ. ಹಾಡಲು ಬರುವವರೂ ಸೇರುತ್ತಾರೆ, ಒಂದು ಸ್ವರವೂ ಬಾರದವರೂ ಸೇರುತ್ತಾರೆ. ಕರಾರು ಓದುವುದು, ಕಛೇರಿ ಏರ್ಪಡಿಸುವುದು, ಪ್ರಚಾರ, ಹಕ್ಕುಸ್ವಾಮ್ಯ, ಲೆಕ್ಕಪತ್ರ ಇವೆಲ್ಲ ಪಠ್ಯದಲ್ಲಿವೆ. ಸ್ಟೋ ಕಾಲೇಜು ಇವುಗಳ ಜೊತೆಗೆ ಹಾಡು ಹೊರತರುವ ತನ್ನದೇ ಲೇಬಲ್ ಒಂದನ್ನು ಕಟ್ಟಿಕೊಂಡಿತ್ತು. ಹೆಸರು ಎಲೆಕ್ಟ್ರಿಕ್ ಹನಿ. ಪ್ರತಿ ವರ್ಷ ವಿದ್ಯಾರ್ಥಿಗಳೇ ಊರಿನ ಹೊಸ ತಂಡಗಳನ್ನು ಕೇಳಿ ಒಂದನ್ನು ಆರಿಸಬೇಕು, ಸ್ಟುಡಿಯೊ ಗೊತ್ತುಮಾಡಬೇಕು, ಹೊದಿಕೆಯ ಚಿತ್ರ ಮಾಡಿಸಬೇಕು, ತಟ್ಟೆ ಅಚ್ಚು ಹಾಕಿಸಬೇಕು, ರೇಡಿಯೊದವರ ಹಿಂದೆ ಬೀಳಬೇಕು, ಬಿಡುಗಡೆಯ ಸಂಜೆಗೆ ಜನ ಸೇರಿಸಬೇಕು. ಸಾಮಾನ್ಯವಾಗಿ ವರ್ಷಕ್ಕೊಂದು ಸಿಂಗಲ್ ಮಾತ್ರ ಹೊರಬರುತ್ತಿತ್ತು. 1996ರಲ್ಲಿ ಸಿಕ್ಕ ತಂಡದ ಬಳಿ ಹಾಡುಗಳು ಬೇಕಾದಷ್ಟಿದ್ದವು, ಹಾಗಾಗಿ ಇಡೀ ಆಲ್ಬಂ ಮಾಡುವ ಧೈರ್ಯ ಮಾಡಿದರು.

ಎಲೆಕ್ಟ್ರಿಕ್ ಹನಿ ತಾನು ಪರಿಚಯಿಸಿದ ತಂಡಗಳನ್ನು ಕಟ್ಟಿಹಾಕಿಕೊಳ್ಳಲಿಲ್ಲ. ಬೆಲ್ ಆ್ಯಂಡ್ ಸೆಬಾಸ್ಟಿಯನ್ ಅದೇ ವರ್ಷ ಲಂಡನ್ನಿನ ಜೀಪ್‌ಸ್ಟರ್ ಕಂಪನಿಗೆ ಹೋಯಿತು. ಮುಂದೆ ಸ್ನೋ ಪಟ್ರೋಲ್ ಎಂದು ಜಗತ್ತಿಗೆ ಗೊತ್ತಾದ ತಂಡವೂ, ಬಿಫಿ ಕ್ಲೈರೊ ಎಂಬ ರಾಕ್ ತಂಡವೂ ತಮ್ಮ ಮೊದಲ ದಿನಗಳ ಹಾಡುಗಳನ್ನು ಈ ವಿದ್ಯಾರ್ಥಿಗಳ ಕೈಯಿಂದಲೇ ಹೊರತಂದವು. 2013ರಲ್ಲಿ ಸ್ಟೋ ಮತ್ತು ಇನ್ನೆರಡು ಕಾಲೇಜುಗಳು ಸೇರಿ ಗ್ಲಾಸ್ಗೋ ಕೆಲ್ವಿನ್ ಕಾಲೇಜಾದ ಮೇಲೂ ಲೇಬಲ್ ನಿಲ್ಲಲಿಲ್ಲ.

ಈ ವಿದ್ಯಾರ್ಥಿಗಳಿಗೆ ಕಲಿಸಿದವರು ಯಾರು ಎಂಬುದನ್ನೂ ಹೇಳಬೇಕು. ಆ್ಯಲನ್ ರ‍್ಯಾಂಕಿನ್ 1980ರ ದಶಕದ ‘ದಿ ಅಸೋಸಿಯೇಟ್ಸ್’ ಜೋಡಿಯಲ್ಲಿ ಒಬ್ಬರು, 2023ರಲ್ಲಿ ತೀರಿಕೊಂಡರು. ಕೆನ್ ಮೆಕ್‌ಕ್ಲಸ್ಕಿ ‘ದಿ ಬ್ಲೂಬೆಲ್ಸ್’ ತಂಡದ ಗಾಯಕರು. ಸಂಗೀತದ ವ್ಯವಹಾರ ಓದುವವರೆಲ್ಲ ತಿಳಿದಿರಬೇಕಾದ ಮೊಕದ್ದಮೆಯೊಂದು ಈ ಬ್ಲೂಬೆಲ್ಸ್ ತಂಡದ ಹಾಡಿನ ಸುತ್ತಲೇ ನಡೆದಿದೆ.

ಹಾಡಿನ ಹೆಸರು ‘ಯಂಗ್ ಅಟ್ ಹಾರ್ಟ್’. 1984ರಲ್ಲಿ ಬ್ಲೂಬೆಲ್ಸ್ ಅದನ್ನು ಮುದ್ರಿಸಿಕೊಂಡಾಗ ಪಿಟೀಲು ನುಡಿಸಲು ಬಾಬಿ ವ್ಯಾಲೆಂಟಿನೊ ಎಂಬ ವಾದ್ಯಗಾರರನ್ನು ಕರೆಸಿದರು. ಆ ಹೊತ್ತಿನ ಸಂಭಾವನೆ ಪಡೆದು ಅವರು ಹೋದರು. ಹಾಡು ಗೆದ್ದಿತು, ಮರೆತೂ ಹೋಯಿತು. 1993ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಟಿ.ವಿ. ಜಾಹೀರಾತಿನಲ್ಲಿ ಬಂದದ್ದೇ ಬಂದದ್ದು, ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೆ ಏರಿ ಕೂತಿತು. ಜನ ಗುನುಗಿದ್ದು ಆ ಪಿಟೀಲಿನ ಎಳೆಯನ್ನು. ಅದನ್ನು ಕಟ್ಟಿದವನು ನಾನು, ಹಾಗಾದರೆ ರಚನೆಯಲ್ಲಿ ನನಗೂ ಪಾಲಿದೆ ಎಂದು ವ್ಯಾಲೆಂಟಿನೊ ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಲಂಡನ್ನಿನ ಹೈಕೋರ್ಟು ಅವರನ್ನು ಸಹರಚನೆಕಾರ ಎಂದು ಒಪ್ಪಿತು, ಮರುವರ್ಷ ಮೇಲ್ಮನವಿಯಲ್ಲೂ ತೀರ್ಪು ನಿಂತಿತು. ಸ್ಟುಡಿಯೊದಲ್ಲಿ ನುಡಿಸಿ ಹೋಗುವವರೆಲ್ಲ ರಚನೆಕಾರರಾಗುವುದಿಲ್ಲ. ಬರೆದುಕೊಟ್ಟದ್ದನ್ನು ನುಡಿಸುವುದು ಬೇರೆ, ಹೊಸದನ್ನು ಕಟ್ಟಿಕೊಡುವುದು ಬೇರೆ. ಆ ಗೆರೆ ಎಲ್ಲಿದೆ ಎಂಬುದನ್ನು ಧ್ವನಿಮುದ್ರಣದ ದಿನವೇ ಕಾಗದದಲ್ಲಿ ಬರೆದಿಡಬೇಕು. ಮೊದಲ ವರ್ಷದ ವಿದ್ಯಾರ್ಥಿ ಕಲಿಯಬೇಕಾದ ಪಾಠ ಇದು.

ಇನ್ನೊಂದು ಪಾಠ, ಪ್ರತಿ ಹಾಡಿನೊಳಗೂ ಎರಡು ಆಸ್ತಿಗಳಿವೆ ಎಂಬುದು. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು, ಅದರ ಧ್ವನಿಮುದ್ರಣ ಇನ್ನೊಂದು. ಬ್ರಿಟನ್ನಿನಲ್ಲಿ ರೇಡಿಯೊ ಒಂದು ಹಾಡು ಹಾಕಿದರೆ ಮೊದಲನೆಯದರ ಹಣವನ್ನು 1914ರಲ್ಲಿ ಹುಟ್ಟಿದ ಪಿಆರ್‌ಎಸ್ ಸಂಗ್ರಹಿಸಿ ಬರೆದವರಿಗೆ, ರಾಗ ಹಾಕಿದವರಿಗೆ, ಅವರ ಪ್ರಕಾಶಕರಿಗೆ ಕೊಡುತ್ತದೆ. ಎರಡನೆಯದರ ಹಣವನ್ನು 1934ರಲ್ಲಿ ಹುಟ್ಟಿದ ಪಿಪಿಎಲ್ ಸಂಗ್ರಹಿಸಿ ಕಂಪನಿಗೂ ಕಲಾವಿದರಿಗೂ ಹಂಚುತ್ತದೆ. ಎರಡರಲ್ಲೂ ಹೆಸರು ನೋಂದಾಯಿಸದವನ ಪಾಲು ಎಲ್ಲೋ ಕೊಳೆಯುತ್ತದೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದು ತಪ್ಪಿದರೂ ಹಣ ದಾರಿ ತಪ್ಪುತ್ತದೆ.

ನಮ್ಮ ಒಂದು ಉದಾಹರಣೆಗೆ ಇದನ್ನು ಹೊಂದಿಸಿ ನೋಡಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಕನ್ನಡ ಭಾವಗೀತೆಗೆ ಹೊಸ ಬಾಗಿಲು ತೆರೆಯಿತು. ಅಂಥ ಕ್ಯಾಸೆಟ್ ಒಂದರಲ್ಲಿ ಕವಿ, ಸಂಯೋಜಕ, ಗಾಯಕ, ವಾದ್ಯಗಾರರು, ಕಂಪನಿ ಇಷ್ಟು ಜನ ಇದ್ದಾರೆ. ಯಾರ ಪಾಲು ಯಾವುದು ಎಂದು ನಮ್ಮ ಯಾವ ಸಂಗೀತ ತರಗತಿಯಲ್ಲಿ ಯಾವ ಮೇಷ್ಟರು ಹೇಳಿಕೊಟ್ಟಿದ್ದಾರೆ?

ಸಿನಿಮಾ ಹಾಡಿನ ಕಥೆ ಇನ್ನೂ ಕಹಿ. ನಿರ್ಮಾಪಕರು ಹಣ ಕೊಟ್ಟು ಬರೆಸಿದ ಹಾಡಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ ನಿರ್ಮಾಪಕರದ್ದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಒಮ್ಮೆ ಸಿಕ್ಕ ಲಕೋಟೆಯೇ ಕೊನೆಯ ಸಂಬಳ. ಜಾವೇದ್ ಅಖ್ತರ್ ಮೊದಲಾದವರು ಹೋರಾಡಿದ ಮೇಲೆ 2012ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಸಾಹಿತಿ ಮತ್ತು ಸಂಯೋಜಕರಿಗೆ ಹಕ್ಕುದಾರರ ಜೊತೆ ಸಮಪಾಲು ರಾಯಲ್ಟಿ ಸಿಗಬೇಕು. ಆ ಪಾಲನ್ನು ಕರಾರಿನಲ್ಲಿ ಬಿಟ್ಟುಕೊಡಲು ಬರುವುದಿಲ್ಲ. ಅದನ್ನು ಸಂಗ್ರಹಿಸುವ ಐಪಿಆರ್‌ಎಸ್ 1969ರಿಂದ ಇದೆ, 2017ರಲ್ಲಿ ಮತ್ತೆ ನೋಂದಣಿ ಪಡೆದಿದೆ. ಕಾನೂನು ಬಂದಿದೆ, ಸಂಸ್ಥೆಯೂ ಇದೆ. ಸದಸ್ಯನಾಗಿ ಹಾಡನ್ನು ದಾಖಲಿಸುವ ಮೊದಲ ಹೆಜ್ಜೆಯನ್ನು ಹಾಡು ಕಟ್ಟುವವನಿಗೆ ಹೇಳಿಕೊಡುವ ಶಾಲೆ ಮಾತ್ರ ನಮ್ಮಲ್ಲಿ ಕಾಣುವುದಿಲ್ಲ.

ಗ್ಲಾಸ್ಗೋದ ಡಿಪ್ಲೊಮಾ ಪಡೆದವರೆಲ್ಲ ಸುಖವಾಗಿದ್ದಾರೆ ಎಂದು ನಾನು ಹೇಳಲಾರೆ. ಸಂಗೀತದ ಕೆಲಸ ಅಲ್ಲೂ ಬಹುಪಾಲು ಬಿಡಿ ಕೆಲಸವೇ, ತಿಂಗಳ ಸಂಬಳದ ಭರವಸೆಯಿಲ್ಲ. ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಹಾಡು ಕೇಳಿದರೆ ಕಲಾವಿದನಿಗೆ ದಕ್ಕುವುದು ಪುಡಿಗಾಸು. ಆದರೂ ಆ ತರಗತಿಯಿಂದ ಹೊರಬಂದವನು ಕಾರ್ಯಕ್ರಮದ ಆಯೋಜಕನಾಗಬಹುದು, ತಂಡದ ಮ್ಯಾನೇಜರ್ ಆಗಬಹುದು, ರಾಯಲ್ಟಿ ಲೆಕ್ಕದ ಕಚೇರಿಗೆ ಸೇರಬಹುದು, ಪ್ರವಾಸ ಏರ್ಪಡಿಸಬಹುದು. ಏನೂ ಆಗದೆ ಗಿಟಾರ್ ನುಡಿಸುತ್ತ ಉಳಿದರೂ ತನ್ನ ಕರಾರನ್ನು ತಾನೇ ಓದಿ ಸಹಿ ಹಾಕುತ್ತಾನೆ. ಇಷ್ಟೇ ಸಾಕು, ಆ ಎರಡು ವರ್ಷಗಳು ಸಾರ್ಥಕ.

ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಜಿಲ್ಲೆಗಳಲ್ಲಿ ಸಂಗೀತ ವಿಭಾಗವಿರುವ ಕಾಲೇಜುಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಇವು ಹಕ್ಕುಸ್ವಾಮ್ಯ ಮತ್ತು ಕರಾರಿನ ಒಂದು ಪತ್ರಿಕೆಯನ್ನು ಪಠ್ಯಕ್ಕೆ ಸೇರಿಸಲಿ. ವರ್ಷಕ್ಕೊಂದು ತತ್ವಪದದ ಮೇಳವನ್ನೋ, ಭಾವಗೀತೆಯ ತಂಡವನ್ನೋ, ಬೀದಿಯ ಬ್ಯಾಂಡನ್ನೋ ವಿದ್ಯಾರ್ಥಿಗಳೇ ಆರಿಸಿ, ಮುದ್ರಿಸಿ, ನೋಂದಾಯಿಸಿ, ಬಿಡುಗಡೆ ಮಾಡಲಿ. ಹಾಡಿದವರಿಗೆ ಪಾಲು ಎಷ್ಟು ಬಂತು ಎಂಬ ಲೆಕ್ಕವನ್ನು ವರ್ಷದ ಕೊನೆಗೆ ಕಾಲೇಜಿನ ಫಲಕದಲ್ಲಿ ಹಾಕಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆಯೂ ಬೇಡ. ಮುಂದಿನ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.